ಹೊಂಡ ಹತ್ತಿದ ಮೀನು

ಮೇ 18, ಬೆಳಿಗ್ಗೆ 8

ಇಸಳೂರಿನಿಂದ ಸ್ಕೂಟಿಯಲ್ಲಿ ಬಂದವಳೇ ಕಂಪನಿಯ ಟ್ಯಾಂಕಿಗೆ ರಾಡಿ ಇಳಿಸುವ ಆಲಂ ಹಾಕಿದೆ. ಅದಿರು ತೊಳೆದ ರಾಡಿ ತಳಕ್ಕೆ, ತಿಳಿನೀರು ಹೊಂಡಕ್ಕೆ, ಅಲ್ಲಿಂದ ಪಂಪಿನಲ್ಲಿ ವಾಪಸ್ ಅದಿರಿಗೆ. ಒಂದು ಹನಿ ಹೊರಗೆ ಹೋಗುವುದಿಲ್ಲ. ಹಳ್ಳದ ಕೆಳಗಿನ ನಿಲ್ಕುಂದದವರಿಗೆ ಇದನ್ನು ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ರಾಡಿ ಹಳ್ಳಕ್ಕೆ ಬರುತ್ತದೆ ಅನ್ನುವ ಜಗಳಕ್ಕೆ ಮುಂದೆ ನಿಂತವಳು ಬೇರೆ ಯಾರೂ ಅಲ್ಲ, ನನ್ನ ಹೆತ್ತವ್ವ ಚೌಡಮ್ಮ.

ಮ್ಯಾನೇಜರ್ ವಿಘ್ನೇಶ್ವರ ಹೆಗಡೆ ಕರೆದರು. "ಮಮತಾ, ನೀನೇ ಹೋಗಿ ಹೇಳು. ನಿನ್ನ ಊರಲ್ವಾ." ಎಲ್ಲರಿಗೂ ನೀವು, ನನಗೆ ಮಾತ್ರ ನೀನು.

ಮೇ 20

ಹೋಗಿದ್ದೆ. ಅವ್ವ ಕುಡಿಯಲು ನೀರೂ ಕೊಡಲಿಲ್ಲ. ಸೀದಾ ಸಸಿಮಡಿಗೆ ಎಳೆದೊಯ್ದಳು. ಹಳ್ಳದ ನೀರು ಹಾಯಿಸಿದ್ದಾಳೆ. ಕೆಂಪು ಕೆಸರು ಕೂತು ಮೊಳಕೆ ಕಮರಿದೆ.

"ನಿನ್ ಕಂಪ್ನಿ ರಾಡಿ ಕಣೆ ಇದು."

"ಬೇರೆಲ್ಲಿಂದಲೋ ಬಂದಿರ್ತದೆ."

"ಹಂಗಾರೆ ಕಾಯಿ ಮುಟ್ಟಿ ಹೇಳು."

ಊರವರ ಮುಂದೆ, ಚೌಡಿ ಕಲ್ಲಿನೆದುರು, ಅವ್ವ ಹಿಡಿದ ತೆಂಗಿನಕಾಯಿ ಮುಟ್ಟಿದೆ. ಹೊಂಡದಿಂದ ಹನಿ ಹೊರಬಿದ್ದಿದ್ದರೆ ಈ ಕೈ ಬಿದ್ದುಹೋಗಲಿ — ಅಂದೆ. ಸತ್ಯ ತಿಳಿಯುವವರೆಗೆ ಒಡೆಯುವ ಹಾಗಿಲ್ಲ ಅಂತ ಕಾಯಿಯನ್ನು ಚೌಡಿಯ ಹತ್ತಿರವೇ ಇಟ್ಟರು. ಅವ್ವ ಮುಖ ತಿರುಗಿಸಿದಳು. ಮಗಳಿಗಿಂತ ಕೆಸರಿನ ಮೇಲೆ ನಂಬಿಕೆ. ಮೈ ಉರಿಯಿತು.

ಜೂನ್ 3, ಬೆಳಿಗ್ಗೆ

ನಿನ್ನೆ ಹೊಸ ಮಳೆ ಹೊಡೆಯಿತು. ಪಂಪು ನೋಡಿಕೊಳ್ಳುವ ಆಳು ಕೆರಿಯ ಬಕೆಟ್ ಹಿಡಿದು ಬಂದ. "ಹೊಂಡದಾಗೆ ಹತ್ತುಮೀನು, ಮೇಡಂ. ಸಾರಿಗೆ ತಗಂಡ್ಹೋಗಿ." ಎಲ್ಲವೂ ತತ್ತಿ ತುಂಬಿದವು.

ಹೆಗಡೆಯವರಿಗೆ ಖುಷಿಯೋ ಖುಷಿ. "ಮೀನು ಬದುಕ್ತದೆ ಅಂದ್ರೆ ನೀರು ಎಷ್ಟು ಚೊಕ್ಕ ಇರ್ಬೇಕು." ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೇ ಹಾಕಿದರು.

ಮೀನು ತಿನ್ನದ ಮನೆಯವರು, ಅವರಿಗೇನು ಗೊತ್ತು. ಹೊಸ ಮಳೆಗೆ ಹಳ್ಳದ ಮೀನು ತತ್ತಿಯಿಡಲು ಹರಿವಿಗೆ ಎದುರಾಗಿ ಹತ್ತುತ್ತದೆ, ಅದಕ್ಕೇ ಹತ್ತುಮೀನು. ಮೇಲಿನಿಂದ ನೀರು ಇಳಿಯದಿದ್ದರೆ ಹತ್ತಲು ದಾರಿಯೇ ಇಲ್ಲ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತಿದ್ದದ್ದೇ...

ಅದೇ ದಿನ, 11 ಗಂಟೆ

ಹೊಂಡದ ಏರಿಯ ಹಿಂದೆ ಇಳಿದು ನೋಡಿದೆ. ಸೊಪ್ಪು ಮುಚ್ಚಿದ ಕಾಲುವೆ. ನೇರ ಹಳ್ಳಕ್ಕೆ. ಕಲ್ಲಿಗೆ ಹತ್ತಿದ ಕೆಂಪು ಕಲೆ ಹಳೆಯದು.

ಹೆಗಡೆಯವರನ್ನು ಕೇಳಿದೆ.

"ಟ್ಯಾಂಕು, ಹೊಂಡ ಎಲ್ಲ ತುಂಬಿದ್ರೆ ಎಂತ ಮಾಡೂದು? ತಲೆ ಮೇಲೆ ಹೊಯ್ಕಳೂದಾ?"

"ನಾನು ಆಣೆ ಮಾಡಿದ್ದೇನೆ ಸಾರ್."

"ಮಾಡಿದ್ದು ನೀನು. ಕಂಪನಿ ಅಲ್ಲ."

ಆ ಬಕೆಟನ್ನು ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಅದಕ್ಕೇ ನನ್ನ ಮೇಲೂ ಸಿಟ್ಟು.

ಮಧ್ಯಾಹ್ನ

ಗ್ರೂಪಿನಲ್ಲಿ ಎಲ್ಲರೂ ಫೋಟೋ ನೋಡಿದ್ದಾರೆ. ಬೈದು ಬರೆಯುವ ಬದಲು ಎದ್ದು ಬಂದಿದ್ದಾರೆ. ಗೇಟಿನಲ್ಲಿ ಜನ. ಎಲ್ಲರಿಗಿಂತ ಮುಂದೆ ಅವ್ವ, ಕೈಯಲ್ಲಿ ಅದೇ ಕಾಯಿ. ಹೆಗಡೆಯವರು ಚಿಲಕ ಹಾಕಿಕೊಂಡು ಒಳಗಿನಿಂದ "ನೀನೇ ಹೋಗಿ ಹೇಳು" ಅನ್ನುತ್ತಿದ್ದಾರೆ.

ಹೇಳುತ್ತೇನೆ. ಎಲ್ಲರನ್ನೂ ಆ ಕಾಲುವೆಗೇ ಕರೆದೊಯ್ಯುತ್ತೇನೆ. ಆದರೆ ಅದಕ್ಕೂ ಮೊದಲು ಅವ್ವ ಕಾಯಿ ಚಾಚಿ, ಇನ್ನೊಮ್ಮೆ ಮುಟ್ಟು ಅಂದರೆ, ಬಿದ್ದುಹೋಗಲಿ ಅಂದಿದ್ದ ಈ ಕೈ —