ಹಾರ್ನಿನ ಗುಂಡಿಗೆ ಕೊಟ್ಟ ತಂತಿ

ಗ್ಯಾರೇಜಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಭುಜದ ಮೂಳೆ ಕೂಡಿಕೊಂಡಿತೇ? ಕೈ ತಲೆಯವರೆಗೆ ಏಳುತ್ತದೆಯೇ? ಮಾವನ ಮನೆಯ ಉಪಚಾರಕ್ಕೆ ನೀನು ಉಬ್ಬಿದ್ದೀ ಎಂದು ಟೈರಿನಂಗಡಿಯವನು ವರದಿ ತಂದ. ಉಬ್ಬು, ಮೂಳೆಗೆ ಒಳ್ಳೆಯದು. ನಿನ್ನ ಅತ್ತಿಗೆ ಮಂಡಿನೋವನ್ನೂ ನನ್ನನ್ನೂ ಒಟ್ಟಿಗೆ ಸಹಿಸಿಕೊಂಡಿದ್ದಾಳೆ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಹರಿದು ಹಾಕುತ್ತೀಯೇನೋ, ಆದರೆ ಓದದೆ ಹರಿಯುವವನಲ್ಲ ನೀನು.

ಮೊದಲು ನಿನ್ನ ಮಗಳ ಸುದ್ದಿ. ಬರುವ ಭಾನುವಾರದ ರೇಸಿಗೆ ನಿನ್ನ ಬದಲು ಚೂಟಿ ಇಳಿಯುತ್ತಿದ್ದಾಳೆ, ಅದೂ ಕಾರಿಗೆ ನೈಟ್ರಸ್ ಗ್ಯಾಸಿನ ಬಾಟಲಿ ಕಟ್ಟಿಕೊಂಡು. ಬೇಡವೆಂದೆ. "ನೀವು ಮಾಡ್ದೆ ಇದ್ರೆ ಮೂಲೆ ಅಂಗಡೀಲಿ ಮಾಡಿಸ್ಕೋತೀನಿ ದೊಡ್ಡಪ್ಪ" ಎಂದಳು. ಮೂಲೆಯಂಗಡಿಯವನು ಬಾಟಲಿ ಬಿಗಿದು ಕೈ ತೊಳೆದುಕೊಳ್ಳುವ ಗಿರಾಕಿ. ಆ ಗ್ಯಾಸು ತಾನು ಉರಿಯುವುದಿಲ್ಲ, ಎಂಜಿನ್ನಿಗೆ ಉಸಿರು ತುಂಬುತ್ತದೆ. ಆ ಉಸಿರಿಗೆ ತಕ್ಕ ಪೆಟ್ರೋಲು ಸಿಗದಿದ್ದರೆ ಪಿಸ್ಟನ್ನನ್ನೇ ನುಂಗಿ ನೀರು ಕುಡಿಯುತ್ತದೆ. ಹಾಗಾಗಿ ಕೈಹಾಕಿದೆ. ಎರಕದ ಪಿಸ್ಟನ್ನುಗಳನ್ನು ಕಿತ್ತು ಫೋರ್ಜ್ ಮಾಡಿದ ಗಟ್ಟಿ ಪಿಸ್ಟನ್ನು ಹಾಕಿದೆ. ಕಾದು ಹಿಗ್ಗಿದಾಗ ತುದಿಗೆ ತುದಿ ಗುದ್ದಬಾರದೆಂದು ರಿಂಗುಗಳ ಸಂದನ್ನು ಅರದಿಂದ ಉಜ್ಜಿ ಕೂದಲೆಳೆಯಷ್ಟು ಹೆಚ್ಚಿಸಿದೆ. ಬಿಸಿ ಹಿಡಿದಿಡದ ಪ್ಲಗ್ಗು, ಕೊಂಚ ತಡವಾಗಿ ಹಾರುವ ಕಿಡಿ, ಗ್ಯಾಸಿನ ಜೊತೆಜೊತೆಗೇ ಬರುವ ಹೆಚ್ಚುವರಿ ಪೆಟ್ರೋಲಿನ ಪೈಪು. ಕೊನೆಗೆ ನನ್ನ ಸ್ವಿಚ್ಚು: ಪೆಡಲು ನೆಲ ಮುಟ್ಟಬೇಕು, ಎಂಜಿನ್ನು ಪೂರ್ತಿ ದನಿಯೆತ್ತಬೇಕು, ಆಮೇಲಷ್ಟೇ ಗ್ಯಾಸಿಗೆ ಪ್ರವೇಶ. ಎಂಜಿನ್ನು ನಿಧಾನವಾಗಿರುವಾಗ ಬಿಟ್ಟರೆ ಗ್ಯಾಸೂ ಪೆಟ್ರೋಲೂ ಅದರ ಗಂಟಲಲ್ಲೇ ಕಟ್ಟಿಕೊಂಡು ಸಿಡಿಯುತ್ತವೆ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಈಗ ಎರಡನೇ ಅಂಕ. ಅಪ್ಪ ನಾಟಕದ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು; ನಾವಿಬ್ಬರೂ ಆ ಹಗ್ಗದ ಬುಡದಲ್ಲಿ ಕುಳಿತು ಬೆಳೆದವರು. ನಾನು ಖಳನಾಯಕನ ಗಂಟಲು ಕಲಿತೆ, ನೀನು ನಾಯಕ ಸಾಯುವುದನ್ನು ಕಲಿತೆ. ಆ ರೇಸಿನ ದಿನ ನಿನ್ನ ಕಾರು ಬಾನೆಟ್ಟು ಹಾರಿಸಿಕೊಂಡು ಟೈರಿನ ಗೋಡೆಗೆ ಗುದ್ದಿದಾಗ ನಾನು ಬರಿಗಾಲಲ್ಲಿ ಓಡಿಬಂದೆ. ನೀನು ಸ್ಟ್ರೆಚರಿನ ಮೇಲೆ ಮಲಗಿ, ಸರಿಯಿದ್ದ ಕೈಯನ್ನು ಮೇಲೆತ್ತಿ, ಕೊನೆಯ ಸಾಲಿಗೂ ಕೇಳುವಂತೆ, "ಅಣ್ಣನ ಸ್ವಿಚ್ಚು ಕೈಕೊಡ್ತು ಕಣ್ರೋ" ಎಂದೆ. ಆಹಾ, ಎಂಥ ಮಾತು, ಎಂಥ ಭಂಗಿ. ಚೂಟಿ ನಿನ್ನ ತಲೆದೆಸೆಯಲ್ಲಿ ನಿಂತು ಕೇಳಿಸಿಕೊಂಡಳು. ಅಂದಿನಿಂದ ರೇಸಿನವರು ಗ್ಯಾರೇಜಿನ ಮುಂದೆ ಹೋಗುವಾಗ ಕೈಬೀಸುತ್ತಾರೆ, ಗಾಡಿ ಮಾತ್ರ ಒಳಕ್ಕೆ ತಿರುಗಿಸುವುದಿಲ್ಲ.

ನಿನ್ನ ಎಂಜಿನ್ನನ್ನು ನಾನು ಬಿಚ್ಚಿದೆ. ಸುಟ್ಟ ತಂತಿಗಳ ನಡುವೆ ಒಂದು ಹಳದಿ ತಂತಿ ಸಿಕ್ಕಿತು. ನಾನು ಹಾಕಿದ್ದಲ್ಲ. ನನ್ನ ಸ್ವಿಚ್ಚನ್ನು ತಪ್ಪಿಸಿ ಸೀದಾ ಹಾರ್ನಿನ ಗುಂಡಿಗೆ ಹೋಗಿತ್ತು. ಹೊರಡುವ ಗೆರೆಯಲ್ಲೇ ಅದನ್ನೊತ್ತಿ ಗ್ಯಾಸು ಬಿಟ್ಟು ಎಲ್ಲರಿಗಿಂತ ಮುಂದೆ ಚಿಮ್ಮುವ ಆಸೆ, ಅಲ್ಲವೇ? ಜೋಡಣೆಗೆ ಸುತ್ತಿದ ಟೇಪು ಎಡಗೈಯದು, ಒಳಗಿಂದ ಹೊರಕ್ಕೆ. ನಮ್ಮ ಗ್ಯಾರೇಜಿನಲ್ಲಿ ಹಾಗೆ ಸುತ್ತುವ ಎಡಚ ನೀನೊಬ್ಬನೇ. "ನಾಲ್ಕು ಜನರ ಮುಂದೆ ಇಡ್ರೀ, ಮಾನ ಉಳೀಲಿ" ಎಂದಳು ನಿನ್ನ ಅತ್ತಿಗೆ. ಇಡಲಿಲ್ಲ. ದೊಡ್ಡತನವೆಂದು ತಿಳಿಯಬೇಡ. ಕಹಿ ಗುಳಿಗೆಯನ್ನು ಜಗಿದು ನುಂಗಿದಂತೆ ನುಂಗಿದೆ; ಬಾಯಿ ಇನ್ನೂ ಕಹಿಯಾಗಿಯೇ ಇದೆ.

ನಿನ್ನ ಹೆಂಡತಿಗೆ, ಮಾವನವರಿಗೆ ನನ್ನ ನೆನಕೆ ತಿಳಿಸು. ಕೈ ಬೇಗ ಗುಣವಾಗಲಿ, ಅದು ಮತ್ತೆ ಸ್ಪ್ಯಾನರ್ ಹಿಡಿಯುವಂತಾಗಲಿ ಎಂದು ಹರಸುವ, ಹರಸದೆ ಬೇರೆ ದಾರಿಯಿಲ್ಲದ,

ನಿನ್ನ ಅಣ್ಣ

ಮರೆತ ಮಾತು: ಟೈರಿನಂಗಡಿಯವನು ನಿಮ್ಮೂರಿಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಚೂಟಿ ನನ್ನ ಸ್ವಿಚ್ಚನ್ನು ಕಿತ್ತು ಮೇಜಿನ ಮೇಲಿಟ್ಟು, ಕಾರು ತೆಗೆದುಕೊಂಡು ಹೋದಳು. "ಅಪ್ಪಂಗೆ ಕೈಕೊಟ್ಟಿದ್ದು ನಂಗೂ ಕೊಡುತ್ತೆ. ಗುಂಡಿ ಒತ್ತಿ ಗ್ಯಾಸು ಬಿಡೋದು ನಂಗೆ ಗೊತ್ತು" ಎಂದಳು. ಹಳದಿ ತಂತಿಯನ್ನು ತೋರಿಸಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೀವೇ ಸುತ್ತಿರ್ಬೋದಲ್ಲ ದೊಡ್ಡಪ್ಪ" ಎಂದಳು. ನನ್ನ ಮಾತು ಅವಳ ಕಿವಿಗೆ ಇಳಿಯದಂತೆ ಮಾಡಿಟ್ಟಿದ್ದೀಯಪ್ಪ. ನನಗೆ ಕ್ಷಮೆ ಬೇಡ. ಊರಿನವರ ಕಣ್ಣಿಗೆ ನಾನೇ ತಪ್ಪಿತಸ್ಥನಾಗಿರಲಿ. ಭಾನುವಾರದೊಳಗೆ "ಆ ಸ್ವಿಚ್ಚು ಹಾಕ್ಕೋ ಮಗಳೇ" ಎಂದು ಒಂದು ಮಾತು ಅವಳಿಗೆ ಹೇಳು. ಕಾರಣ ಕೇಳಿದರೆ ಮಾತ್ರ ನಿಜ ಹೇಳು. ಅವಳು ಕೇಳಿಯೇ ಕೇಳುತ್ತಾಳೆ.