ಶುಭಾಂಗಿಯ ಹೆಬ್ಬೆಟ್ಟು

ನಿಪ್ಪಾಣಿ, ಬುಧವಾರ

ನನ್ನ ಮೊಮ್ಮಗಳನ್ನು ಹಿಡಿದುಕೊಂಡು ಹೋದ ಪೊಲೀಸ್ ಸಾಹೇಬರಿಗೆ ಅಕ್ಕುತಾಯಿಯ ನಮಸ್ಕಾರ.

ನಿನ್ನೆ ಚಿಕ್ಕೋಡಿ ಕೋರ್ಟಿಗೆ ನೀವು ಬರಲಿಲ್ಲ. ಅದಕ್ಕೇ ನಡೆದದ್ದನ್ನು ನಾನು ತಿಳಿಸುತ್ತಿದ್ದೇನೆ.

ಫೋನಿನಲ್ಲಿ ಜನರಿಗೆ ಮೋಸ ಮಾಡಿದವರ ಬ್ಯಾಂಕ್ ಖಾತೆ ನಮ್ಮ ಶುಭಾಂಗಿಯ ಹೆಸರಿನಲ್ಲಿತ್ತು. ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತಿ ಅವಳೇ ಅದನ್ನು ತೆರೆದಳೆಂದು ನೀವು ಬರೆದಿರಿ. "ಬೀಡಿ ಕಟ್ಟಿ ಕಟ್ಟಿ ಆಕಿ ಬೆರಳಿನ ಗೆರಿ ಸವದಾವ್ರಿ, ರೇಶನ್ ಅಂಗಡ್ಯಾಗೂ ಮೆಷಿನ್ ಹಿಡಿಯಂಗಿಲ್ಲ" ಎಂದು ನಾನು ಹೇಳಿದರೆ, "ಏ ಮುದುಕಿ, ಸುಮ್ಕ ಕುಂದರ" ಎಂದಿರಿ.

ನಮ್ಮ ವಕೀಲರು ಸಂಗ್ರಾಮ ಮಾತ್ರ ನನ್ನ ಮಾತು ಕೇಳಿದರು. ನ್ಯಾಯಾಧೀಶರ ಮುಂದೆಯೇ ಮೆಷಿನ್ ತರಿಸಿದರು. ಶುಭಾಂಗಿ ಹತ್ತೂ ಬೆರಳು ಒತ್ತಿದಳು. ಒಂದನ್ನೂ ಅದು ಹಿಡಿಯಲಿಲ್ಲ. "ಹಂಗಾದ್ರ ಖಾತೆ ತೆಗೆದ ಹೆಬ್ಬೆಟ್ಟು ಯಾರದ್ರಿ?" ಎಂದು ವಕೀಲರು ಕೇಳಿದಾಗ ನಿಮ್ಮ ಕಡೆಯವರು ಗಟಗಟ ನೀರು ಕುಡಿದರು. ಅವಳು ನಿರ್ದೋಷಿ ಎಂದು ತೀರ್ಪಾಯಿತು.

ಅವಳ ಮೊಬೈಲ್ ಇನ್ನೂ ನಿಮ್ಮ ಹತ್ತಿರ ಇದೆ. ಪೇದೆಯ ಕೈಯಲ್ಲಿ ಕಳಿಸಬೇಡಿ, ನೀವೇ ತನ್ನಿ. ಮುಂಜಾನೆ ಹತ್ತಕ್ಕೆ ಬಂದರೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಿರುತ್ತಾರೆ. ಅವರ ಮುಂದೆಯೇ ಅವಳನ್ನು ಜೀಪು ಹತ್ತಿಸಿದಿರಿ. ಅವರ ಮುಂದೆಯೇ ಅದನ್ನು ಅವಳ ಕೈಗೆ ಕೊಡಿ. ಚಹಾ ಇಟ್ಟಿರುತ್ತೇನೆ.

ಇಂತಿ,
ಶುಭಾಂಗಿಯ ಅಜ್ಜಿ
ಅಕ್ಕುತಾಯಿ