ಜನವರಿಯವರೆಗೆ ತಡೆದ ನೋವು

ಉತ್ತರ ಡಕೋಟಾ
ಫೆಬ್ರವರಿ 21

ಪ್ರೀತಿಯ ಆರ್ಲಿಸ್ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬರೆಯಲು ಕೂತರೆ ಕೈಗೆ ಸಿಗುವುದೆಲ್ಲ ವಿಮೆಯವರ ಲಕೋಟೆಗಳೇ.

ಡೆಲ್ಮರ್ ಹೋಗಿ ಏಳು ವಾರವಾಯಿತು. ಹಿಮ ಬಿದ್ದು ದಾರಿ ಮುಚ್ಚಿ ನಿನಗೆ ಮಣ್ಣಿಗೆ ಬರಲಾಗಲಿಲ್ಲ, ಅದಕ್ಕೆ ನೊಂದುಕೊಳ್ಳಬೇಡ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹ್ಯಾಮ್ ಸ್ಯಾಂಡ್‌ವಿಚ್ ಜೊತೆಗೆ ನನ್ನ ಗಂಡನನ್ನೂ ಹಂಚಿಕೊಂಡು ತಿಂದರು. "ನಿನ್ನ ಗಂಡ ಮಹಾ ಜಿಪುಣ ಕಣೇ, ದುಡ್ಡಿನ ಮುಖ ನೋಡಿ ಜೀವ ಕಳ್ಕೊಂಡ" ಎಂದಳು ಪಕ್ಕದ ಮನೆಯ ಬರ್ನೀಸ್. ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ನಿಮ್ಮ ಕೆನಡಾದಲ್ಲಿ ಈ ಪೀಡೆ ಇಲ್ಲ. ಇಲ್ಲಿ ತಿಂಗಳು ತಿಂಗಳು ಕಂತು ಕಟ್ಟಿದರೂ, ಆಸ್ಪತ್ರೆಗೆ ಹೋದರೆ ವರ್ಷದ ಮೊದಲ ಏಳು ಸಾವಿರ ಡಾಲರ್ ನಮ್ಮ ಕೈಯಿಂದಲೇ. ಅದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಅದು ಮುಗಿದ ಮೇಲಷ್ಟೇ ವಿಮೆಯವರು ಕಣ್ಣು ಬಿಡುವುದು. ಜನವರಿ ಒಂದಕ್ಕೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ದಾಟಿತೆಂದರೆ ನಮ್ಮೂರಲ್ಲಿ ಯಾರೂ ಕಾಯಿಲೆ ಬೀಳುವುದಿಲ್ಲ. ಬಿದ್ದರೂ ಬಾಯಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಡೆಲ್ಮರ್‌ಗೆ ಎದೆ ಹಿಂಡತೊಡಗಿದಾಗ ನಮ್ಮ ಮನೆಯಲ್ಲೂ ಅದೇ ಲೆಕ್ಕ: ತಪಾಸಣೆ ಈಗ, ಚಿಕಿತ್ಸೆ ಜನವರಿಗೆ ಎಂದಾದರೆ ಎರಡು ವರ್ಷದ್ದೂ ನಮ್ಮ ತಲೆಯ ಮೇಲೆ. ಎಲ್ಲವೂ ಜನವರಿಯಲ್ಲೇ ಆದರೆ ಒಂದೇ ಸಲ.

ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಗ್ಯಾರೇಜಿನಲ್ಲಿ ಕುಸಿದ. "ಮೊದಲೇ ಕರ್ಕೊಂಡು ಬರಬಾರದಿತ್ತಾ?" ಎಂದರು ಡಾಕ್ಟರು. ಜನವರಿ ಮೂರಕ್ಕೆ ತೀರಿಕೊಂಡ. ಹಳೇ ವರ್ಷ, ಹೊಸ ವರ್ಷ, ಎರಡರದ್ದೂ ಈಗ ನಾನೇ ಕಟ್ಟಬೇಕಂತೆ. ವಿಮೆ ಕಚೇರಿಗೆ ಫೋನ್ ಮಾಡಿದೆ.

"ಒಳ್ಳೇ ಸುದ್ದಿ ಅಮ್ಮಾ, ನಿಮ್ಮ ಯಜಮಾನ್ರ ಈ ವರ್ಷದ ಡಿಡಕ್ಟಿಬಲ್ ಮುಗ್ದೋಯ್ತು. ಇನ್ಮೇಲೆ ಅವರ ಖರ್ಚು ಹೆಚ್ಚುಕಮ್ಮಿ ಎಲ್ಲಾ ನಮ್ದೇ" ಎಂದಳು ಆ ಹುಡುಗಿ.

"ಅವನಿಗೆ ಇನ್ನೇನೂ ಖರ್ಚಿಲ್ಲ ಕಣಮ್ಮಾ" ಎಂದು ಫೋನಿಟ್ಟೆ.

ಮಂಡಿ ನೋವು ಎಂದು ಬರೆದಿದ್ದೆಯಲ್ಲ, ನಾಳೆ ನಾಡಿದ್ದು ಎನ್ನದೆ ತೋರಿಸು. ಮೊಮ್ಮಗಳಿಗೆ ನನ್ನ ಮುತ್ತು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಲವೋನ್

ಇನ್ನೊಂದು ಮಾತು: ಡೆಲ್ಮರ್ ಜಿಪುಣನಲ್ಲ ಅಕ್ಕ. ಇದನ್ನು ಬರ್ನೀಸ್‌ಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಡಿಸೆಂಬರ್ ಹತ್ತರ ಬೆಳಿಗ್ಗೆ ಅವನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಇವತ್ತೇ ತೋರಿಸ್ಕೊಂಡು ಬಂದ್ಬಿಡೋಣ ಲವೋನ್, ನಂಗ್ಯಾಕೋ ಭಯ ಆಗ್ತಿದೆ" ಎಂದ. ನಲವತ್ತು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. "ಇನ್ನು ಮೂರು ವಾರ ತಡ್ಕೋ, ಬೂಟು ಬಿಚ್ಚು" ಎಂದೆ. ಬಿಚ್ಚಿಟ್ಟ.